ಒಂದೇ ಪ್ಲೈವುಡ್ ಶೀಟಿನಲ್ಲಿ ಆಳೆತ್ತರದ ಪುಸ್ತಕದ ಕಪಾಟು: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಮರಗೆಲಸ ಕಲಿಯುವವರಿಗೆ ಪುಸ್ತಕದ ಕಪಾಟಿನಷ್ಟು ಒಳ್ಳೆಯ ಮೊದಲ ಕೆಲಸ ಇನ್ನೊಂದಿಲ್ಲ. ಬಾಗಿಲಿಲ್ಲ, ಡ್ರಾಯರ್ ಇಲ್ಲ, ಬೀಗ ಇಲ್ಲ. ಎರಡು ಉದ್ದ ಹಲಗೆ, ನಡುವೆ ಒಂದಷ್ಟು ಅಡ್ಡ ಹಲಗೆ, ಹಿಂದೆ ಒಂದು ತೆಳು ಹಲಗೆ, ಅಷ್ಟೇ. ಆದರೂ ದುಡ್ಡು ಕೊಟ್ಟು ತಂದ ಎಷ್ಟೋ ಕಪಾಟುಗಳು ಎರಡು ವರ್ಷಕ್ಕೇ ನಡುವೆ ಜೋತುಬೀಳುತ್ತವೆ, ಇಲ್ಲವೇ ಒಂದು ಪಕ್ಕಕ್ಕೆ ವಾಲುತ್ತವೆ. ಜೋತುಬಿದ್ದರೆ ಅಡ್ಡ ಹಲಗೆ ಅತಿ ಉದ್ದವಾಗಿದೆ ಎಂದರ್ಥ. ವಾಲಿದರೆ ಹಿಂಬದಿಯ ಹಲಗೆಯನ್ನು ಸುಮ್ನೆ ಅಂದಕ್ಕೆ ಹೊಡೆದಿದ್ದಾರೆ ಎಂದರ್ಥ. ಎರಡನ್ನೂ ಮರ ಮುಟ್ಟುವ ಮೊದಲೇ, ಕಾಗದದ ಮೇಲೆ ತಪ್ಪಿಸಬಹುದು.

ಇಲ್ಲಿ ಹೇಳುತ್ತಿರುವುದು 18 ಮಿ.ಮೀ. ದಪ್ಪದ 8×4 ಅಡಿಯ ಒಂದೇ ಪ್ಲೈವುಡ್ ಶೀಟಿನಿಂದ ಮಾಡುವ ಕಪಾಟು. ಎತ್ತರ 1800 ಮಿ.ಮೀ., ಅಂದರೆ ಹತ್ತಿರ ಹತ್ತಿರ ಆರಡಿ. ಅಗಲ 736 ಮಿ.ಮೀ., ಆರು ಖಾನೆ. ಡ್ರಿಲ್ ಹಿಡಿಯಲು ಬಂದರೆ ಸಾಕು, ಗರಗಸದ ಕೆಲಸವನ್ನು ಅಂಗಡಿಯವರಿಗೇ ಬಿಡಬಹುದು. ಜೋಡಣೆಗೆ ಒಂದು ಶನಿವಾರ-ಭಾನುವಾರ, ಪಾಲಿಶ್‌ಗೆ ಇನ್ನೊಂದು ಇಟ್ಟುಕೊಳ್ಳಿ.

ಮೊದಲು ಪುಸ್ತಕಗಳನ್ನು ಅಳೆಯಿರಿ

ಗೋಡೆ ಆಮೇಲೆ ಅಳೆಯೋಣ. ಮನೆಯಲ್ಲಿರುವ ಪುಸ್ತಕಗಳನ್ನು ಎತ್ತರದ ಪ್ರಕಾರ ಮೂರು ಗುಂಪು ಮಾಡಿ. ಕನ್ನಡದ ಕಥೆ, ಕಾದಂಬರಿ, ಪ್ರಬಂಧಗಳೆಲ್ಲ ಹೆಚ್ಚಾಗಿ ಡೆಮಿ 1/8 ಆಕಾರದವು. ಪುಸ್ತಕದ ಮೊದಲ ಪುಟಗಳಲ್ಲಿ ಇದನ್ನು ಅಚ್ಚು ಮಾಡಿರುತ್ತಾರೆ, ನೋಡಿ. ಎತ್ತರ ಎಂಟೂವರೆ ಇಂಚು, ಅಂದರೆ 216 ಮಿ.ಮೀ. ಕ್ರೌನ್ 1/8 ಅದಕ್ಕಿಂತ ಗಿಡ್ಡ. ಎ4 ಅಳತೆಯ ಪುಸ್ತಕ, ಫೈಲು, ಮಕ್ಕಳ ಪ್ರಾಜೆಕ್ಟ್ ಹಾಳೆಗಳಿಗೆ 297 ಮಿ.ಮೀ. ಬೇಕು. ಇದರ ಮೇಲೆ ಬೆರಳು ತೂರಿಸಿ ಪುಸ್ತಕ ಎಳೆದುಕೊಳ್ಳಲು 25ರಿಂದ 30 ಮಿ.ಮೀ. ಜಾಗ ಬಿಡಬೇಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ನಿಂತ ಪುಸ್ತಕದ ಮೇಲೆ ಮಲಗಿದ ಪುಸ್ತಕ ಬಂದು ಕೂರುತ್ತದೆ. ಕೆಳಗಿನದನ್ನು ತೆಗೆಯೋಕೆ ಮೇಲಿನದನ್ನೆಲ್ಲ ಇಳಿಸಬೇಕು.

ಆಳದ ಲೆಕ್ಕವೂ ಹೀಗೇ. ಡೆಮಿ ಪುಸ್ತಕದ ಅಗಲ 140 ಮಿ.ಮೀ., ಎ4 ಹಾಳೆಯದು 210. ಹಾಗಾಗಿ 240 ಮಿ.ಮೀ. ಆಳ ಎಲ್ಲಕ್ಕೂ ಸಾಕು. ಒಂದಡಿ ಆಳದ ಕಪಾಟು ಮಾಡಿಸಿದವರ ಮನೆಯಲ್ಲಿ ಪುಸ್ತಕ ಎರಡು ಸಾಲಾಗಿ ನಿಂತಿರುತ್ತದೆ, ಹಿಂದಿನ ಸಾಲಿನಲ್ಲಿ ಏನಿದೆ ಎಂದು ಯಾರಿಗೂ ನೆನಪಿರುವುದಿಲ್ಲ. 240 ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 1220 ಮಿ.ಮೀ. ಅಗಲದ ಶೀಟಿನಿಂದ 240ರ ಐದು ಪಟ್ಟಿ ಸರಿಯಾಗಿ ಬರುತ್ತವೆ. ಗರಗಸ ತಿಂದುಹಾಕುವ ಮರವನ್ನು ಪ್ರತಿ ಕೊಯ್ತಕ್ಕೆ 4 ಮಿ.ಮೀ. ಅಂತ ಹಿಡಿದರೂ ಒಟ್ಟು 1216.

ಹಲಗೆಯ ಉದ್ದ ಎಷ್ಟಿರಬೇಕು

ಈ ಒಂದು ಲೆಕ್ಕ ಮಾತ್ರ ಅವಸರದಲ್ಲಿ ದಾಟಬೇಡಿ. ಸಾಲಾಗಿ ನಿಲ್ಲಿಸಿದ ಪುಸ್ತಕ ಒಂದಡಿ ಉದ್ದಕ್ಕೆ ಸುಮಾರು 10 ಕಿಲೋ ತೂಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ಕನ್ನಡ ನಿಘಂಟಿನಂಥ ದಪ್ಪ ಪುಸ್ತಕಗಳಿದ್ದರೆ ಇನ್ನೂ ಜಾಸ್ತಿ. ಈ ಭಾರ ಹಗಲೂ ರಾತ್ರಿ ಹಲಗೆಯ ಮೇಲೇ ಇರುತ್ತದೆ. ಮರ ನಿಧಾನವಾಗಿ ಬಗ್ಗುತ್ತಾ ಹೋಗುತ್ತದೆ, ಪುಸ್ತಕ ತೆಗೆದ ಮೇಲೂ ಪೂರ್ತಿ ನೆಟ್ಟಗಾಗುವುದಿಲ್ಲ.

ಹಲಗೆಯ ತುಂಬ ಪುಸ್ತಕ ಇಟ್ಟಾಗ ಬಾಗುವಿಕೆ ಉದ್ದದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗುವುದು 16 ಪಟ್ಟು. ದಪ್ಪ ಎರಡು ಪಟ್ಟು ಮಾಡಿದರೆ ಅದು ಇಳಿಯುವುದು ಎಂಟನೇ ಒಂದು ಪಾಲಿಗೆ ಮಾತ್ರ. ಅಂದರೆ ದಪ್ಪ ಹಲಗೆ ತಂದು ಉದ್ದದ ತಪ್ಪನ್ನು ತಿದ್ದುತ್ತೇನೆ ಎಂದರೆ ಆಗುವುದಿಲ್ಲ. ನಾಲ್ಕಡಿ ಅಗಲದ ಗೋಡೆ ಖಾಲಿಯಿದೆ ಅಂತ ನಾಲ್ಕಡಿ ಹಲಗೆ ಹಾಕಬೇಡಿ. ಎರಡೆರಡು ಅಡಿಯ ಎರಡು ಕಪಾಟು ಮಾಡಿ ಪಕ್ಕಪಕ್ಕ ನಿಲ್ಲಿಸಿ. ನಾಳೆ ಬಾಡಿಗೆ ಮನೆ ಬದಲಿಸುವಾಗ ಸಾಗಿಸುವುದೂ ಸಲೀಸು, ಅಲ್ವಾ?

18 ಮಿ.ಮೀ. ಪ್ಲೈವುಡ್‌ಗೆ 700 ಮಿ.ಮೀ. ಉದ್ದವನ್ನು ನಾನು ನೆಮ್ಮದಿಯಿಂದ ಒಪ್ಪುತ್ತೇನೆ. 900 ದಾಟಿದರೆ ಮುಂದಿನ ಅಂಚಿನ ಕೆಳಗೆ ಒಂದೂವರೆ ಇಂಚಿನ ಗಟ್ಟಿಮರದ ರೀಪರ್ ಕೊಡಲೇಬೇಕು. ಪಾರ್ಟಿಕಲ್ ಬೋರ್ಡ್ ಆದರೆ 600 ದಾಟಲೇಬೇಡಿ.

ಯಾವ ಮರ

ಗಟ್ಟಿಮರದ ಆಸೆ ಎಲ್ಲರಿಗೂ ಇರುತ್ತದೆ. ತೇಗ ಅಂದರೆ ತೇಗವೇ, ಅದರ ಬಗ್ಗೆ ಎರಡು ಮಾತಿಲ್ಲ. ಹಲಸು, ಹೊನ್ನೆ, ಮತ್ತಿ ನಮ್ಮಲ್ಲಿ ಹಳೆಯ ಕಾಲದಿಂದ ಬಳಕೆಯಲ್ಲಿವೆ. ಬೇವಿನ ಕಹಿಗೆ ಹುಳ ಹತ್ತಿರ ಬರುವುದು ಕಡಿಮೆ. ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ, ಅದರ ಗೆರೆ ನೋಡಲು ಚೆಂದ. ತೊಂದರೆ ಏನೆಂದರೆ 240 ಮಿ.ಮೀ. ಅಗಲದ ಒಂದೇ ಹಲಗೆ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಪೂರ್ತಿ ಒಣಗಿರುವುದಿಲ್ಲ. ಹಸಿ ಮರ ಮನೆಯೊಳಗೆ ಬಂದು ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಮಲೆನಾಡಿನಿಂದ ತಂದ ಮರವನ್ನು ಕಲಬುರಗಿಯ ಬೇಸಿಗೆಯಲ್ಲಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗಟ್ಟಿಮರವೇ ಬೇಕೆಂದರೆ ಘನ ಅಡಿಯ ಲೆಕ್ಕ ಗೊತ್ತಿರಲಿ. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 10 ಇಂಚು ಅಗಲ, 1 ಇಂಚು ದಪ್ಪ, 6 ಅಡಿ ಉದ್ದದ ಹಲಗೆ ಅಂದರೆ 60 ಭಾಗಿಸು 144, ಹೆಚ್ಚುಕಡಿಮೆ 0.42 ಘನ ಅಡಿ. ಮಿಲ್ಲಿನಲ್ಲಿ ಕೊಯ್ದು, ಕೀಸಿ ಕೊಟ್ಟಾಗ ಒಂದಿಂಚು ಮುಕ್ಕಾಲಿಂಚಾಗುತ್ತದೆ. ದುಡ್ಡು ಮಾತ್ರ ಒಂದಿಂಚಿಗೇ.

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ಮಾಡುವವರೂ ಇದ್ದಾರೆ, ತಪ್ಪೇನಿಲ್ಲ. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಮರವನ್ನು ಬಿಸಿಮಾಡಿ ಹುಳ ಕೊಂದಿದ್ದಾರೆ ಎಂದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ. ಅದನ್ನು ಮನೆಯೊಳಗೆ ತರಬೇಡಿ.

ಮೊದಲ ಕಪಾಟಿಗೆ ನನ್ನ ಆಯ್ಕೆ ಪ್ಲೈವುಡ್ಡೇ. ಪದರಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ತಿರುಚುವುದು ಕಡಿಮೆ, ಅಗಲದ ಚಿಂತೆ ಇಲ್ಲ. ಅಂಗಡಿಯಲ್ಲಿ ಮೂರು ಬಗೆ ಕೇಳಿಬರುತ್ತವೆ. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್), ಇದನ್ನೇ ಕಮರ್ಷಿಯಲ್ ಪ್ಲೈ ಅನ್ನುವುದು. ಇದು ತೇವವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ನೀರನ್ನಲ್ಲ. ಬಿಡಬ್ಲ್ಯೂಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್) ಇನ್ನೂ ಗಟ್ಟಿ ಅಂಟಿನದು. ಈ ಎರಡೂ ಐಎಸ್ 303 ಎಂಬ ಭಾರತೀಯ ಮಾನದಂಡದ ಅಡಿ ಬರುತ್ತವೆ. ಮೂರನೆಯದು ಮರೈನ್ ಪ್ಲೈ, ಐಎಸ್ 710. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಒಣ ಕೋಣೆಗೆ ಎಂಆರ್ ಸಾಕು. ಮಂಗಳೂರು, ಉಡುಪಿ, ಕಾರವಾರ, ಇಡೀ ಮಲೆನಾಡು ಆದರೆ ಬಿಡಬ್ಲ್ಯೂಆರ್ ತನ್ನಿ. ಪುಸ್ತಕಕ್ಕೆ ಮರೈನ್ ಪ್ಲೈ ಹಾಕುವುದು ಸುಮ್ನೆ ದುಡ್ಡು ದಂಡ. ಅದೇ ದುಡ್ಡಿಗೆ ಒಳ್ಳೆಯ ಸ್ಕ್ರೂ, ಒಳ್ಳೆಯ ಪಾಲಿಶ್ ಬರುತ್ತದೆ.

ಶೀಟನ್ನು ಕೊಳ್ಳುವ ಮುಂಚೆ ಅಂಚು ನೋಡಿ. ಪದರಗಳ ನಡುವೆ ಕಪ್ಪು ಸಂದುಗಳು ಕಾಣಿಸಿದರೆ ಒಳಗೆ ಟೊಳ್ಳಿದೆ, ನಾಳೆ ಸ್ಕ್ರೂ ಅಲ್ಲೇ ಹೋಗಿ ಕೂರುತ್ತದೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಟೊಳ್ಳಿದ್ದ ಕಡೆ ಸದ್ದು ಬದಲಾಗುತ್ತದೆ. ಶೀಟನ್ನು ಎತ್ತಿಸಿ ಒಂದು ತುದಿಯಿಂದ ಕಣ್ಣು ಹಾಯಿಸಿದರೆ ಬಳುಕಿರುವುದು ತಿಳಿಯುತ್ತದೆ. ಅಂಗಡಿಯವರು ಮುಖ ಗಂಟಿಕ್ಕಬಹುದು, ಇಕ್ಕಲಿ ಬಿಡಿ.

ಹಿಂಬದಿಗೆ 6 ಮಿ.ಮೀ. ಪ್ಲೈ ಬೇಕು. ಅದಕ್ಕೆ 8×4 ಬೇಡ, 6×3 ಅಡಿಯ ಶೀಟು ಸಿಗುತ್ತದೆ, ಅಷ್ಟೇ ತನ್ನಿ.

ಕೊಯ್ಯಿಸುವ ಪಟ್ಟಿ

18 ಮಿ.ಮೀ.ನ ಇಡೀ ಶೀಟು ಮೂವತ್ತು ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಎಂಟಡಿ ಶೀಟು ಹೋಗುವುದೂ ಕಷ್ಟ. ಅಂಗಡಿಯಲ್ಲೇ ಕೊಯ್ಯಿಸಿಕೊಂಡು ಬನ್ನಿ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಂಥ ಕಡೆ ಮಿಲ್ಲುಗಳೇ ಇವೆ. ಚಿಕ್ಕ ಊರುಗಳಲ್ಲಿ ಪ್ಲೈ ಅಂಗಡಿಯವರಿಗೆ ಕೇಳಿದರೆ ಹತ್ತಿರದ ಆಚಾರ್ರನ್ನು ತೋರಿಸುತ್ತಾರೆ. "ಆಚಾರ್ರೇ, ಎಲ್ಲಾ ಅಡ್ಡ ಹಲಗೆ ಒಂದೇ ಸೆಟ್ಟಿಂಗ್‌ನಲ್ಲಿ ಕೊಯ್ದುಕೊಡಿ" ಅನ್ನಿ. ಏಳೂ ಹಲಗೆ ಒಂದೇ ಉದ್ದ ಇರುವುದು ಮುಖ್ಯ. ಎಲ್ಲವೂ 699 ಆದರೂ ಪರವಾಗಿಲ್ಲ. ಒಂದು 699, ಇನ್ನೊಂದು 702 ಆದರೆ ಕಪಾಟು ಹಾಳು.

ಅಳತೆಯನ್ನು ಮಿ.ಮೀ.ನಲ್ಲೇ ಬರೆದುಕೊಡಿ. ಇಂಚಿನ ಕಾಲು, ಅರೆಕಾಲು ಬಾಯಿಂದ ಬಾಯಿಗೆ ದಾಟುವಾಗ ಏರುಪೇರಾಗುತ್ತದೆ. ಮೊದಲು ಶೀಟಿನ ಎಂಟಡಿ ಉದ್ದಕ್ಕೆ 240ರ ಐದು ಪಟ್ಟಿ ಸೀಳಿಸಿ. ಮೇಲ್ಪದರದ ಗೆರೆ ಉದ್ದಕ್ಕೇ ಇರುವುದರಿಂದ ಹಲಗೆಗೆ ಹೀಗೆ ಕೊಯ್ದರೇ ಬಲ. ಆಮೇಲೆ:

- ಎರಡು ಪಟ್ಟಿಯಿಂದ 1800ರ ಒಂದೊಂದು ಪಕ್ಕದ ಹಲಗೆ. ಉಳಿಯುವುದು ಸುಮಾರು 640ರ ಎರಡು ತುಂಡು.
- ಮೂರು ಪಟ್ಟಿಯಿಂದ 700ರ ಮೂರು ಮೂರು, ಒಟ್ಟು ಒಂಬತ್ತು ಹಲಗೆ. ಏಳು ಕಪಾಟಿಗೆ: ತಳ, ನೆತ್ತಿ, ನಡುವಿನ ಐದು. ಉಳಿಯುವುದು ಸುಮಾರು 328ರ ಮೂರು ತುಂಡು.
- ಎಂಟನೇ ಹಲಗೆಯನ್ನು ಉದ್ದಕ್ಕೆ ಸೀಳಿ 80, 80 ಮತ್ತು 72 ಅಗಲದ ಮೂರು ಪಟ್ಟಿ. ಮೊದಲೆರಡು ಬುಡದ ಸ್ಕರ್ಟಿಂಗ್‌ಗೆ, ಮೂರನೆಯದು ಗೋಡೆಗೆ ಬಿಗಿಯಲು.
- 6 ಮಿ.ಮೀ. ಶೀಟಿನಿಂದ 1795×732ರ ಹಿಂಬದಿ ಹಲಗೆ. ಸುತ್ತ ಒಂದೆರಡು ಮಿ.ಮೀ. ಒಳಗಿದ್ದರೆ ಪಕ್ಕದಿಂದ ನೋಡಿದಾಗ ಕಾಣುವುದಿಲ್ಲ.

ಒಂಬತ್ತನೇ ಹಲಗೆ ಕೈಯಲ್ಲಿರಲಿ, ಮುಂದೆ ಅದಕ್ಕೂ ಕೆಲಸವಿದೆ.

ಸಾಮಾನು

ಡ್ರಿಲ್, 3 ಮತ್ತು 4.5 ಮಿ.ಮೀ. ಬಿಟ್, ಸ್ಕ್ರೂವಿನ ತಲೆ ಒಳಗೆ ಕೂರಲು ಕೌಂಟರ್‌ಸಿಂಕ್ ಬಿಟ್, ಟೇಪು, ಮೂಲೆಮಟ್ಟ, ಪೆನ್ಸಿಲ್, ಸುತ್ತಿಗೆ, ಉಪ್ಪು ಕಾಗದ. ಎರಡು ಉದ್ದನೆಯ ಕ್ಲಾಂಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇನ್ನೊಬ್ಬರ ಕೈ ಸಾಕು. 8 ನಂಬರಿನ 50 ಮಿ.ಮೀ. ಸ್ಕ್ರೂ ನೂರರ ಒಂದು ಡಬ್ಬಿ. ಜಿಪ್ಸಂ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಅಗ್ಗ ಅಂತ ಕೊಳ್ಳಬೇಡಿ. ಅದು ಪೆಡಸು, ಬಿಗಿಮಾಡುವಾಗ ಟಕ್ಕನೆ ತಲೆ ಹಾರುತ್ತದೆ. ಕರಾವಳಿಯವರು ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ಹಿಂಬದಿಗೆ 20 ಮಿ.ಮೀ.ನ ಸಣ್ಣ ಸ್ಕ್ರೂ ಅಥವಾ ಮೊಳೆ. ಮರದ ಬಿಳಿ ಅಂಟು, ನಮ್ಮಲ್ಲಿ ಯಾವ ಕಂಪನಿಯದಾದರೂ ಎಲ್ಲರೂ ಫೆವಿಕಾಲ್ ಅಂತಲೇ ಕೇಳುವುದು, ಅರ್ಧ ಕಿಲೋ ಸಾಕು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಪ್ಲೈ ಉಜ್ಜಿದ ಧೂಳಿನಲ್ಲಿ ಮರದ ಜೊತೆ ಅಂಟೂ ಇರುತ್ತದೆ.

ಗುರುತು ಹಾಕುವುದು

ಎರಡು ಪಕ್ಕದ ಹಲಗೆಗಳನ್ನು ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ. ಒಳಮೈ ಮೇಲಿರಲಿ, ಹಿಂಬದಿಯ ಅಂಚುಗಳು ಒಂದಕ್ಕೊಂದು ತಾಗಿರಲಿ, ಬುಡ ಒಂದೇ ಗೆರೆಯಲ್ಲಿರಲಿ. ಎರಡರ ಮೇಲೂ ಒಂದೇ ಏಟಿಗೆ ಗೆರೆ ಎಳೆದರೆ ಎಡ-ಬಲದ ಅಳತೆ ತಪ್ಪುವುದೇ ಇಲ್ಲ.

ಬುಡದಿಂದ ಈ ಎತ್ತರಗಳಲ್ಲಿ ಗೆರೆ ಎಳೆಯಿರಿ: 80, 428, 726, 994, 1262, 1522, 1782. ಪ್ರತಿ ಗೆರೆ ಒಂದೊಂದು ಅಡ್ಡ ಹಲಗೆಯ ಕೆಳಮೈ. ಇದರಿಂದ ಕೆಳಗಿನಿಂದ ಮೇಲಕ್ಕೆ 330, 280, 250, 250, 242, 242ರ ಖಾನೆಗಳು ಬರುತ್ತವೆ. ಕೆಳಗಿನದು ಎ4 ಮತ್ತು ದೀಪಾವಳಿ ವಿಶೇಷಾಂಕಗಳಿಗೆ, ಎರಡನೆಯದು ನಿಘಂಟು, ಪಠ್ಯಪುಸ್ತಕಗಳಿಗೆ, ಮೇಲಿನ ನಾಲ್ಕು ಡೆಮಿಗೆ. ಬುಡದ 80 ಮಿ.ಮೀ. ಎತ್ತರ ನೆಲ ಒರೆಸುವ ನೀರಿನಿಂದ ತಳದ ಪುಸ್ತಕಗಳನ್ನು ಕಾಪಾಡಲು.

ಟೇಪನ್ನು ಬುಡಕ್ಕೆ ಒಮ್ಮೆ ಹಿಡಿದು ಏಳೂ ಗುರುತನ್ನು ಅಲ್ಲಿಂದಲೇ ಹಾಕಿ. ಒಂದು ಗೆರೆಯಿಂದ ಮುಂದಿನ ಗೆರೆಗೆ ಅಳೆಯುತ್ತಾ ಹೋದರೆ ಪ್ರತಿ ಸಲದ ಅರ್ಧ ಮಿ.ಮೀ. ತಪ್ಪು ಕೂಡುತ್ತಾ ಹೋಗಿ ನೆತ್ತಿ ಹೊತ್ತಿಗೆ ದೊಡ್ಡದಾಗಿರುತ್ತದೆ. ಇನ್ನೊಂದು ವಿಷಯ. 18 ಮಿ.ಮೀ. ಅಂತ ಕೊಟ್ಟ ಪ್ಲೈ ಕೆಲವೊಮ್ಮೆ 17 ಇರುತ್ತದೆ. ಅಳೆದು ನೋಡಿ. ಕಡಿಮೆ ಇದ್ದರೂ ಈ ಗೆರೆಗಳನ್ನೇ ಇಟ್ಟುಕೊಳ್ಳಿ, ಖಾನೆ ಒಂದು ಮಿ.ಮೀ. ದೊಡ್ಡದಾಗುತ್ತದೆ ಅಷ್ಟೇ. ನೆತ್ತಿಯ ಗೆರೆಯನ್ನು ಮಾತ್ರ 1783ಕ್ಕೆ ಏರಿಸಿ.

ತೂತು ಹಾಕುವುದು

ಪ್ರತಿ ಗೆರೆಯಿಂದ 9 ಮಿ.ಮೀ. ಮೇಲೆ, ಅಂದರೆ ಹಲಗೆಯ ದಪ್ಪದ ನಡುಮಧ್ಯಕ್ಕೆ ಸ್ಕ್ರೂ ಬರಬೇಕು. ಒಂದೊಂದು ತುದಿಗೆ ಮೂರು ಸ್ಕ್ರೂ: ಮುಂದಿನಿಂದ 40, ನಡುವೆ 120, ಹಿಂದಿನಿಂದ 40. ಏಳು ಹಲಗೆಗೆ ಒಟ್ಟು 42. ಒಳಮೈಯಿಂದಲೇ 4.5 ಮಿ.ಮೀ. ಬಿಟ್‌ನಿಂದ ಆರಪಾರ ತೂತು ಹಾಕಿ. ಕೆಳಗೆ ಬೇಡದ ತುಂಡೊಂದನ್ನು ಒತ್ತಿ ಹಿಡಿದರೆ ಬಿಟ್ ಹೊರಬರುವ ಕಡೆ ಚಕ್ಕೆ ಏಳುವುದಿಲ್ಲ. ಆಮೇಲೆ ಹಲಗೆ ತಿರುಗಿಸಿ ಹೊರಮೈಯಲ್ಲಿ ಕೌಂಟರ್‌ಸಿಂಕ್ ಮಾಡಿ.

ಪಕ್ಕದ ಹಲಗೆಯ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ಜಾರಬೇಕು, ಕಚ್ಚಬಾರದು. ಕಚ್ಚಬೇಕಾದ್ದು ಅಡ್ಡ ಹಲಗೆಯಲ್ಲಿ ಮಾತ್ರ. ಎರಡರಲ್ಲೂ ಕಚ್ಚಿದರೆ ಎಷ್ಟು ತಿರುಗಿಸಿದರೂ ನಡುವಿನ ಸಂದು ಮುಚ್ಚುವುದಿಲ್ಲ. ಅಡ್ಡ ಹಲಗೆಯ ತುದಿಯಲ್ಲಿ 3 ಮಿ.ಮೀ. ತೂತನ್ನು ಜೋಡಿಸುವಾಗಲೇ, ಪಕ್ಕದ ತೂತಿನ ಮೂಲಕವೇ ಹಾಕಿ. ಈ ತೂತಿಲ್ಲದೆ ಪ್ಲೈ ಅಂಚಿಗೆ ಸ್ಕ್ರೂ ಹೊಡೆದರೆ ಏನಾಗುತ್ತದೆ ಎಂದು ಒಂದು ತುಂಡಿನ ಮೇಲೆ ಮಾಡಿ ನೋಡಿ. ಸ್ಕ್ರೂ ಎರಡು ಪದರಗಳ ನಡುವೆ ನುಗ್ಗುತ್ತದೆ, ಹಲಗೆಯ ಮೇಲ್ಮೈ ಆ ಜಾಗದಲ್ಲಿ ಸಣ್ಣಗೆ ಉಬ್ಬುತ್ತದೆ, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಾಯಿಬಿಡುತ್ತದೆ. ಆಮೇಲೆ ಆ ಸ್ಕ್ರೂಗೆ ಹಿಡಿತವೇ ಇರುವುದಿಲ್ಲ, ಸುಮ್ನೆ ತಿರುಗುತ್ತಿರುತ್ತದೆ.

ಜೋಡಣೆ

ಮೊದಲ ಸಲ ಅಂಟಿಲ್ಲದೆ ಜೋಡಿಸಿ. ಎಲ್ಲ ತೂತು ಹಾಕಿ, ಎಲ್ಲ ಸ್ಕ್ರೂ ಅರ್ಧದಷ್ಟು ಕೂರಿಸಿ ನೋಡಿ, ಬಿಚ್ಚಿ, ಹಲಗೆಗಳಿಗೆ ನಂಬರ್ ಹಾಕಿ. ಅಂಟು ಹಚ್ಚಿದ ಮೇಲೆ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಜೋಡಿಸುವಾಗ ಕಪಾಟಿನ ಮುಂಭಾಗ ನೆಲಕ್ಕೆ, ಹಿಂಭಾಗ ಮೇಲಕ್ಕೆ ಇರಲಿ. ಸಮನಾದ ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ. ಹೀಗೆ ಮಾಡಿದರೆ ಎಲ್ಲ ಹಲಗೆಗಳ ಮುಂದಿನ ಅಂಚು ತಾನಾಗಿಯೇ ಒಂದೇ ಮಟ್ಟಕ್ಕೆ ಬರುತ್ತದೆ. ಹಿಂಬದಿ ಹಲಗೆ ಹೊಡೆಯಲು ಮತ್ತೆ ಮಗುಚಬೇಕಾಗಿಯೂ ಇಲ್ಲ.

ಉಳಿದ ತುಂಡುಗಳು ಈಗ ಕೆಲಸಕ್ಕೆ ಬರುತ್ತವೆ. 328ರ ಮೂರು ತುಂಡುಗಳನ್ನು 280, 250, 242ಕ್ಕೆ ಕೊಯ್ದುಕೊಳ್ಳಿ. 640ರ ಒಂದು ತುಂಡನ್ನು 330ಕ್ಕೆ ಕೊಯ್ಯಿರಿ. ಖಾನೆಯೊಳಗೆ ಇವನ್ನು ಅಡ್ಡ ಇಟ್ಟು ಮುಂದಿನ ಹಲಗೆಯನ್ನು ಅದಕ್ಕೆ ಒತ್ತಿದರೆ ಅಳೆಯುವ ಗೋಜೇ ಇಲ್ಲ.

ಪ್ಲೈ ತುದಿ ಅಂಟನ್ನು ಬೇಗ ಹೀರುತ್ತದೆ. ಹಾಗಾಗಿ ತುದಿಗೆ ಒಮ್ಮೆ ತೆಳ್ಳಗೆ ಸವರಿ, ಎರಡು ಮೂರು ನಿಮಿಷ ಬಿಟ್ಟು ಇನ್ನೊಮ್ಮೆ ಹಚ್ಚಿ. ಮೊದಲು ತಳ, ಆಮೇಲೆ ನೆತ್ತಿ, ನಂತರ ಕೆಳಗಿನಿಂದ ನಡುವಿನ ಹಲಗೆಗಳು. ಒಂದು ಹಲಗೆಯ ಮೂರೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸುತ್ತಿನಲ್ಲಿ ಬಿಗಿ ಮಾಡಿ. ಡ್ರಿಲ್ಲನ್ನು ಕಡಿಮೆ ವೇಗದಲ್ಲಿಡಿ, ಕೊನೆಯ ಎರಡು ಸುತ್ತು ಕೈಯಿಂದಲೇ ತಿರುಗಿಸಿ. ಸಂದಿನಿಂದ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿಬಿಡಿ. ಒಣಗಲು ಬಿಟ್ಟರೆ ಆ ಜಾಗ ಪಾಲಿಶ್ ಹಿಡಿಯದೆ ಬಿಳಿ ಮಚ್ಚೆಯಾಗಿ ಉಳಿಯುತ್ತದೆ.

ಸ್ಕರ್ಟಿಂಗ್ ಪಟ್ಟಿಗಳಲ್ಲಿ ಒಂದು ಮುಂದೆ, ಅಂಚಿನಿಂದ 20 ಮಿ.ಮೀ. ಒಳಗೆ. ನಿಂತು ಪುಸ್ತಕ ಹುಡುಕುವಾಗ ಕಾಲ್ಬೆರಳು ತಾಗುವುದಿಲ್ಲ. ಇನ್ನೊಂದು ಹಿಂದೆ, ಅಂಚಿಗೆ ಸಮನಾಗಿ. 72ರ ಪಟ್ಟಿ ನೆತ್ತಿ ಹಲಗೆಯ ಕೆಳಗೆ, ಹಿಂದಿನ ಅಂಚಿಗೆ. ಮೂರಕ್ಕೂ ಎರಡೂ ಪಕ್ಕದಿಂದ ಎರಡೆರಡು ಸ್ಕ್ರೂ. ನೆತ್ತಿಯ ಪಟ್ಟಿಗೆ ಮೇಲಿನಿಂದಲೂ ಮೂರು ಹಾಕಿ, ಇಡೀ ಕಪಾಟನ್ನು ಗೋಡೆಗೆ ಹಿಡಿಯುವುದು ಇದೇ.

ಮೂಲೆ ನೋಡಿ ಹಿಂಬದಿ ಹೊಡೆಯುವುದು

ಅಂಟು ಹಸಿ ಇರುವಾಗಲೇ ಇದು ಮುಗಿಯಬೇಕು. ಟೇಪನ್ನು ಎಡ ಬುಡದ ಹೊರಮೂಲೆಯಿಂದ ಬಲ ನೆತ್ತಿಯ ಹೊರಮೂಲೆಗೆ ಹಿಡಿಯಿರಿ. ಆಮೇಲೆ ಬಲ ಬುಡದಿಂದ ಎಡ ನೆತ್ತಿಗೆ. ಎರಡೂ 1945 ಮಿ.ಮೀ. ಆಸುಪಾಸು ಬರಬೇಕು. 1945 ಅಂತಲೇ ಬರಬೇಕೆಂದಿಲ್ಲ, ಎರಡೂ ಒಂದೇ ಆಗಿರಬೇಕು. ಒಂದು 1948, ಇನ್ನೊಂದು 1942 ಬಂತು ಅನ್ನಿ, ಕಪಾಟು ಓರೆಯಾಗಿದೆ. ಉದ್ದ ಬಂದ ಕರ್ಣದ ಎರಡು ಮೂಲೆಗಳಿಗೆ ಹಗ್ಗ ಕಟ್ಟಿ, ನಡುವೆ ಕಡ್ಡಿ ತೂರಿಸಿ ತಿರುಚಿ. ಕಪಾಟು ಕೊಂಚ ಸರಿಯುವುದು ಕೈಗೇ ಗೊತ್ತಾಗುತ್ತದೆ. ಮತ್ತೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ.ಗೆ ಇಳಿಯುವವರೆಗೆ ಬಿಡಬೇಡಿ.

ಹಗ್ಗ ಹಾಗೇ ಇರಲಿ. ಹಿಂದಿನ ಅಂಚುಗಳಿಗೆಲ್ಲ ಅಂಟು ಎಳೆದು 6 ಮಿ.ಮೀ. ಹಲಗೆ ಹಾಸಿ. ನಾಲ್ಕು ಮೂಲೆಗೆ ಮೊದಲು ಸ್ಕ್ರೂ, ಇನ್ನೊಮ್ಮೆ ಕರ್ಣ ಅಳೆದು, ಆಮೇಲೆ ಸುತ್ತಲೂ 150 ಮಿ.ಮೀ.ಗೆ ಒಂದರಂತೆ. ಪ್ರತಿ ಅಡ್ಡ ಹಲಗೆಯ ಹಿಂದೆಯೂ ಮೂರು ನಾಲ್ಕು ಹೊಡೆಯಿರಿ. ಅದಕ್ಕಾಗಿ ಹಿಂಬದಿಯ ಮೇಲೆ ಹಲಗೆಗಳ ನಡುಗೆರೆಯನ್ನು ಮೊದಲೇ ಎಳೆದಿಟ್ಟುಕೊಳ್ಳಿ: ಕಪಾಟಿನ ಬುಡದಿಂದ 89, 437, 735, 1003, 1271, 1531, 1791. ಕಪಾಟು ಪಕ್ಕಕ್ಕೆ ವಾಲದಂತೆ ತಡೆಯುವುದು ಈ ತೆಳು ಹಲಗೆಯೇ. ಅಡ್ಡ ಹಲಗೆಗಳ ಹಿಂದಿನ ಅಂಚು ಬಾಗದಂತೆ ಹಿಡಿಯುವುದೂ ಇದೇ. ಇದರ ಬದಲು ಕ್ರಾಸ್ ಪಟ್ಟಿ ಸಾಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಒಂದು ರಾತ್ರಿ ಅಲುಗಿಸದೆ ಬಿಡಿ.

ಅಂಚು, ಉಜ್ಜುವುದು, ಪಾಲಿಶ್

ಮರುದಿನ ಎತ್ತಿ ನಿಲ್ಲಿಸಿ. ಪ್ಲೈವುಡ್‌ನ ಪದರ ಕಾಣುವುದು ಕೆಲವರಿಗೆ ಇಷ್ಟ. ಮುಚ್ಚಬೇಕೆಂದರೆ ತೇಗದ ಬೀಡಿಂಗ್ ಪಟ್ಟಿ ಅಂಗಡಿಯಲ್ಲೇ ಸಿಗುತ್ತದೆ. ಅಂಟು ಹಚ್ಚಿ, ತಲೆಯಿಲ್ಲದ ಸಣ್ಣ ಮೊಳೆ ಹೊಡೆದು, ಒಣಗುವ ತನಕ ಅಂಟುವ ಟೇಪು ಸುತ್ತಿಡಿ. ಸ್ಕ್ರೂ ತಲೆಗಳ ಗುಂಡಿಗೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ. ಒಣಗಿದಾಗ ತಗ್ಗುವುದರಿಂದ ಕೊಂಚ ಉಬ್ಬಾಗಿಯೇ ತುಂಬಿರಿ.

ಉಪ್ಪು ಕಾಗದ 120ರಿಂದ ಶುರುಮಾಡಿ, 180, ಕೊನೆಗೆ 240. ಮರದ ಗೆರೆಯ ಉದ್ದಕ್ಕೇ ಉಜ್ಜಿ. ಪ್ಲೈವುಡ್‌ನ ಮೇಲ್ಪದರ ಕಾಗದದಷ್ಟು ತೆಳು, ಒಂದೇ ಕಡೆ ಬಲ ಬಿಟ್ಟು ಉಜ್ಜಿದರೆ ಕೆಳಗಿನ ಪದರ ಬಣ್ಣಗೆಟ್ಟು ಇಣುಕುತ್ತದೆ. ಮೂಲೆಗಳಲ್ಲಿ ಇನ್ನೂ ಹಗುರ ಕೈ.

ಬಣ್ಣದ ವಿಚಾರ ಅವರವರ ಇಷ್ಟ. ವಾಸನೆ ಸಹಿಸದವರಿಗೆ ನೀರು ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್ ಒಳ್ಳೆಯದು, ಬೇಗ ಒಣಗುತ್ತದೆ. ಎರಡು ಕೋಟ್, ನಡುವೆ 240ರ ಕಾಗದದಿಂದ ಮೆಲ್ಲಗೆ ಒಮ್ಮೆ ಸವರುವುದು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ನೋಡಲು ಎಲ್ಲಕ್ಕಿಂತ ಚೆಂದ, ಆದರೆ ನೀರು ಬಿದ್ದರೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆ ಹಚ್ಚುವವರು ಒಂದು ಎಚ್ಚರ ವಹಿಸಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹೊರಗೆ ಬಿಡಿಸಿ ಹರಡಿ, ಪೂರ್ತಿ ಒಣಗಿದ ಮೇಲೆ ಬಿಸಾಡಿ.

ಎನಾಮೆಲ್ ಬಣ್ಣ ಹಚ್ಚಿದರೆ ಒಂದು ವಾರವಾದರೂ ಪುಸ್ತಕ ಇಡಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಭಾರದ ಪುಸ್ತಕದ ಅಡಿ ಅಂಟಿಕೊಂಡು, ಎಳೆದಾಗ ರಟ್ಟಿನ ಬಣ್ಣ ಹಲಗೆಗೇ ಬರುತ್ತದೆ. ಯಾವ ಬಣ್ಣ ಹಚ್ಚಿದರೂ ಕಣ್ಣಿಗೆ ಬೀಳದ ಹಿಂಬದಿಯ ಹೊರಮೈ, ಬುಡದ ಅಂಚು ಎರಡಕ್ಕೂ ಒಂದು ಕೋಟ್ ಕೊಡಿ. ತೇವ ಒಳಗೆ ನುಗ್ಗುವುದು ಅಲ್ಲಿಂದಲೇ.

ಜಾಗ ಮತ್ತು ಗೋಡೆ

ಮಲೆನಾಡಿನಲ್ಲಿ ಮಳೆ ಬಡಿಯುವ ಗೋಡೆಗೆ ಪುಸ್ತಕದ ಕಪಾಟು ತಾಗಿಸಲೇಬೇಡಿ. ಒಳಗೋಡೆ ಹುಡುಕಿ. ಬಚ್ಚಲುಮನೆಯ ಆಚೆ ಬದಿಯ ಗೋಡೆಯೂ ಬೇಡ. ಬಿಸಿಲು ನೇರ ಬೀಳುವ ಕಡೆ ಇಟ್ಟರೆ ಪುಸ್ತಕದ ಬೆನ್ನಿನ ಬಣ್ಣ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಟೈಲ್ಸ್ ಸ್ಕರ್ಟಿಂಗ್ ಇರುತ್ತದಲ್ಲ, ಅದು ಒಂದಿಷ್ಟು ಮುಂದೆ ಚಾಚಿರುತ್ತದೆ. ಹಾಗಾಗಿ ಕಪಾಟು ಗೋಡೆಗೆ ಪೂರ್ತಿ ಅಂಟುವುದಿಲ್ಲ. ಕೆಲವರು ಕಪಾಟಿನ ಬುಡ ಕತ್ತರಿಸಿ ಅಂಟಿಸುತ್ತಾರೆ. ನಾನು ಹೇಳುವುದು, ಆ ಸಂದು ಹಾಗೇ ಇರಲಿ. ಗಾಳಿಯಾಡುತ್ತದೆ, ಗೆದ್ದಲು ಬಂದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಮೇಲೆ, ಗೋಡೆಗೆ ಬಿಗಿಯುವ ಕಡೆ ಮಾತ್ರ ಅಷ್ಟೇ ದಪ್ಪದ ಮರದ ತುಂಡು ಕೊಡಿ.

ಬಿಗಿಯುವುದು ಕಡ್ಡಾಯ. ತುಂಬಿದ ಈ ಕಪಾಟು ನೂರು ಕಿಲೋ ದಾಟುತ್ತದೆ, ಆಳ ಮಾತ್ರ ಒಂದಡಿಯೂ ಇಲ್ಲ. ಮಗು ಕೆಳಗಿನ ಹಲಗೆ ಹತ್ತಿ ನಿಂತರೆ ಮುಂದಕ್ಕೆ ಬೀಳಬಹುದು. 72ರ ಪಟ್ಟಿಯ ಮೂಲಕ ಗೋಡೆಗೆ ಎರಡು ಕಡೆ ತೂತು ಕೊರೆದು 8 ಮಿ.ಮೀ. ಪ್ಲಗ್ (ಸ್ಕ್ರೂ ಕಚ್ಚಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಉದ್ದನೆಯ ಸ್ಕ್ರೂ ಬಿಗಿ ಮಾಡಿ. ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಕನಿಷ್ಠ 40 ಮಿ.ಮೀ. ಹೋಗಿರಬೇಕು. ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ ಕೆಲವು ಕಡೆ ಕಲ್ಲು ಮೆತ್ತಗಿದ್ದು ಪ್ಲಗ್ ಸಡಿಲವಾಗುತ್ತದೆ, ಅಲ್ಲಿ ಇನ್ನೂ ಉದ್ದದ ಪ್ಲಗ್ ಹಾಕಿ. ಹಾಲೋ ಬ್ಲಾಕ್ ಗೋಡೆಗೆ ಅದಕ್ಕೆಂದೇ ಇರುವ, ಒಳಗೆ ಅರಳಿಕೊಳ್ಳುವ ಪ್ಲಗ್ ಕೇಳಿ ತನ್ನಿ. ತೂತು ಹಾಕುವ ಮುಂಚೆ ಸ್ವಿಚ್‌ಬೋರ್ಡ್‌ನ ನೇರಕ್ಕೆ ಮೇಲೆ ವೈರ್ ಹೋಗಿರುತ್ತದೆ ಎನ್ನುವುದು ನೆನಪಿರಲಿ.

ಬಿಗಿಯುವ ಮೊದಲು ನೆತ್ತಿಯ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ನೆಲ ಓರೆಯಿದ್ದರೆ ಬುಡಕ್ಕೆ ತೆಳು ಚಕ್ಕೆ ಕೊಡಿ. ಅದನ್ನು ಪ್ಲಾಸ್ಟಿಕ್ಕಿನದೇ ಮಾಡಿ, ರಟ್ಟು ನೆಲ ಒರೆಸುವ ನೀರಿಗೆ ಮೆತ್ತಗಾಗುತ್ತದೆ.

ಭಾರದ ಪುಸ್ತಕ ಕೆಳಗೆ, ಹಗುರದ್ದು ಮೇಲೆ. ಹಿಂಬದಿಗೆ ಒತ್ತದೆ ಎರಡು ಬೆರಳು ಜಾಗ ಬಿಟ್ಟು ಜೋಡಿಸಿ. ಬೆಳ್ಳಿಹುಳಕ್ಕೆ ಕತ್ತಲೆ, ತೇವ, ಅಲುಗದ ಧೂಳು ಇಷ್ಟ. ವರ್ಷಕ್ಕೆರಡು ಸಲ ಪುಸ್ತಕ ಇಳಿಸಿ ಒರೆಸಿದರೆ ಬೇವಿನ ಸೊಪ್ಪು, ನುಸಿಗುಳಿಗೆ ಎರಡಕ್ಕಿಂತಲೂ ಅದೇ ಹೆಚ್ಚು ಕೆಲಸ ಮಾಡುತ್ತದೆ. ಹಲಗೆಯ ಕೆಳಗೆ ಗೋಧಿಹಿಟ್ಟಿನಂಥ ಪುಡಿ ಕಂಡರೆ ಕೊರೆಯುವ ಹುಳ ಸೇರಿದೆ, ಆ ತೂತುಗಳಿಗೆ ಸಿರಿಂಜಿನಲ್ಲಿ ಮರದ ಹುಳುವಿನ ಔಷಧಿ ಬಿಡಿ.

ಇನ್ನು ಆ ಒಂಬತ್ತನೇ ಹಲಗೆ. ಕಪಾಟಿಗೆ ಬಣ್ಣ ಹಚ್ಚುವಾಗಲೇ ಅದಕ್ಕೂ ಹಚ್ಚಿಡಿ. ಎರಡು ಕಬ್ಬಿಣದ ಬ್ರಾಕೆಟ್ ಮೇಲೆ ಇದನ್ನು ಕೂರಿಸಿದರೆ ಓದುವ ಮೇಜಿನ ಮೇಲ್ಗಡೆಗೆ ಒಂದು ಗೋಡೆ ಶೆಲ್ಫ್ ಆಗುತ್ತದೆ. 640ರ ಉಳಿದ ತುಂಡಿನಿಂದ 240×120ರ ಬಿಲ್ಲೆಗಳನ್ನು ಕೊಯ್ದು, ಎರಡೆರಡನ್ನು ಎಲ್ ಆಕಾರಕ್ಕೆ ಸ್ಕ್ರೂ ಮಾಡಿದರೆ, ಅರ್ಧ ಖಾಲಿಯಿರುವ ಖಾನೆಯಲ್ಲಿ ಪುಸ್ತಕ ಬೀಳದಂತೆ ಒತ್ತಿಡಲು ಒಂದು ಜೋಡಿ ಬುಕ್‌ಎಂಡ್ ಬರುತ್ತದೆ.